ಎಂಬಿಬಿಎಸ್ ಮಕ್ಕಳಿಗೆ ನೀತಿ, ಮಾನವೀಯತೆ ಕಲಿಸಲು ಯಾವ ದಾರಿ? ನಿಮ್ಮ ಕಾಲೇಜಿಗೆ ಹೊಂದುವುದನ್ನು ಆರಿಸಿಕೊಳ್ಳುವ ಬಗೆ

ಈ ವರ್ಷ ಇದೇ ವಿಷಯಕ್ಕೆ ನನಗೆ ಮೂರು ಫೋನ್ ಬಂದಿವೆ. ಮೂವರೂ ಬೆಂಗಳೂರಿನ ಬೇರೆ ಬೇರೆ ಮೆಡಿಕಲ್ ಕಾಲೇಜುಗಳಲ್ಲಿ ಪಾಠ ಮಾಡುವವರು, ನನಗಿಂತ ಚಿಕ್ಕವರು. ಕಥೆ ಒಂದೇ. "ಮೇಡಂ, ಈ ಸಲ ಏಟ್‌ಕಾಮ್ ನನ್ನ ತಲೆಗೆ ಕಟ್ಟಿದ್ದಾರೆ. ಲೆಕ್ಚರ್ ಇಡ್ಲಾ, ನಾಟಕ ಮಾಡಿಸ್ಲಾ, ಹಾಸ್ಪಿಸ್‌ಗೆ ಕರ್ಕೊಂಡು ಹೋಗ್ಲಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ." ಮೂವರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಹಾಸ್ಪಿಸ್ ಅಂದರೆ ಗುಣವಾಗದ ರೋಗಿಗಳನ್ನು ಕೊನೆಗಾಲದಲ್ಲಿ ನೋಡಿಕೊಳ್ಳುವ ಜಾಗ. ಆಟಿಟ್ಯೂಡ್, ಎಥಿಕ್ಸ್, ಕಮ್ಯುನಿಕೇಶನ್ ಈ ಮೂರನ್ನು ಕೂಡಿಸಿ ಮಾಡಿದ ಹೆಸರು ಏಟ್‌ಕಾಮ್. ಆಗಿನ ಮೆಡಿಕಲ್ ಕೌನ್ಸಿಲ್ 2018ರಲ್ಲಿ ಇದರ ಪುಸ್ತಿಕೆ ತಂದಿತು, 2019ರಲ್ಲಿ ಸೇರಿದ ಬ್ಯಾಚಿನಿಂದ ದೇಶದ ಎಲ್ಲ ಎಂಬಿಬಿಎಸ್ ಮಕ್ಕಳಿಗೂ ಇದು ಕಡ್ಡಾಯವಾಯಿತು. ಒಟ್ಟು 27 ಮಾಡ್ಯೂಲ್. 'ಡಾಕ್ಟರ್ ಆಗುವುದು ಅಂದರೇನು' ಎಂಬಲ್ಲಿಂದ ಶುರುವಾಗುತ್ತದೆ. 75 ಪರ್ಸೆಂಟ್ ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಹಾಗಾಗಿ ಮಕ್ಕಳು ಬರುತ್ತಾರೆ. ಬಂದ ಮೇಲೆ ಏನು ಮಾಡಿಸುವುದು, ಅಲ್ವಾ ಪ್ರಶ್ನೆ?

ಆರಿಸುವ ಮೊದಲು ಏನು ನೋಡಬೇಕು

ಎಲ್ಲರೂ ಮೊದಲು ದುಡ್ಡಿನ ಬಗ್ಗೆ ಕೇಳುತ್ತಾರೆ. ನಾನು ಅದನ್ನು ಕೊನೆಗೆ ಇಡುತ್ತೇನೆ, ಯಾಕೆಂದರೆ ಇಲ್ಲಿ ದುಬಾರಿಯಾದದ್ದು ಟೀಚರ್‌ಗಳ ಸಮಯ. 150 ಮಕ್ಕಳ ಕ್ಲಾಸು ಅಂದುಕೊಳ್ಳಿ. ಹತ್ತತ್ತು ಜನರ ಗುಂಪು ಮಾಡಿದರೆ ಒಂದೇ ಹೊತ್ತಿಗೆ 15 ಟೀಚರ್ ಬೇಕು. ಸರ್ಜರಿ ಹೆಡ್ ಹತ್ತಿರ ಹೋಗಿ ಬುಧವಾರ ಮಧ್ಯಾಹ್ನಕ್ಕೆ ಮೂವರನ್ನು ಕಳಿಸಿ ಅಂತ ಕೇಳಿ ನೋಡಿ, ಆಗ ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ.

ಎರಡನೆಯದು, ವಾರ್ಡಿನಲ್ಲಿ ಏನಾದರೂ ಬದಲಾಗುತ್ತದಾ? ಉತ್ತರ ಪತ್ರಿಕೆಯಲ್ಲಿ ಎಲ್ಲರೂ ಒಳ್ಳೆಯವರೇ. ಬೆಳಿಗ್ಗೆ ಎಂಟು ಗಂಟೆಗೆ ಹದಿನಾಲ್ಕನೇ ಬೆಡ್ಡಿನ ಅಜ್ಜಿಯ ಹೊಟ್ಟೆ ಮುಟ್ಟಿ ನೋಡುವ ಮೊದಲು ಈ ಹುಡುಗ ಪರದೆ ಎಳೆಯುತ್ತಾನಾ, ಕೈ ತಣ್ಣಗಿದ್ದರೆ ಉಜ್ಜಿಕೊಳ್ಳುತ್ತಾನಾ, "ನೋಡ್ಲಾ ಅಜ್ಜಿ?" ಅಂತ ಕೇಳುತ್ತಾನಾ? ನನ್ನ ಮಟ್ಟಿಗೆ ಇಷ್ಟೇ ಪರೀಕ್ಷೆ.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ನಮ್ಮ ಪಾಠದಿಂದ ರೋಗಿಗೆ ಎಷ್ಟು ಹೊರೆ? ನೀತಿ ಕಲಿಸುವ ನೆಪದಲ್ಲಿ ಸುಸ್ತಾದ ಮನುಷ್ಯನ ಸುತ್ತ ಇಪ್ಪತ್ತು ಜನ ನಿಂತರೆ ಆ ಪಾಠ ಅಲ್ಲೇ ಕೆಟ್ಟಿತು.

ಆಮೇಲೆ ಭಾಷೆ. ನಮ್ಮ ಕ್ಲಾಸಿನಲ್ಲಿ ದೆಹಲಿ, ಕೇರಳ, ಹೈದರಾಬಾದಿನ ಮಕ್ಕಳು ಇರುತ್ತಾರೆ. ಓಪಿಡಿಗೆ ಬರುವವರು ಮಾಗಡಿ, ಕೋಲಾರ, ಆನೇಕಲ್ ಕಡೆಯವರು. ಕನ್ನಡ, ತೆಲುಗು, ತಮಿಳು, ದಖನಿ ಉರ್ದು ಎಲ್ಲ ಕೇಳುತ್ತದೆ, ಇಂಗ್ಲಿಷ್ ಮಾತ್ರ ಅಪರೂಪ. ಪಾಠ ಪೂರ್ತಿ ಇಂಗ್ಲಿಷ್‌ನಲ್ಲಿ ಮುಗಿದರೆ ಅದು ವಾರ್ಡಿನ ಬಾಗಿಲಲ್ಲೇ ನಿಂತುಬಿಡುತ್ತದೆ.

ದೊಡ್ಡ ಹಾಲಿನ ಲೆಕ್ಚರ್

ಅಗ್ಗ. ಒಬ್ಬ ಟೀಚರ್, ಒಂದು ಮೈಕ್, 150 ಮಕ್ಕಳು. ಇದನ್ನು ಬೈಯುವುದು ಈಗ ಫ್ಯಾಷನ್, ಆದರೆ ಕಾನೂನು ಹೇಳಿಕೊಡಲು ಇದಕ್ಕಿಂತ ಸುಲಭದ ದಾರಿ ಇಲ್ಲ. ವೈದ್ಯರ ನಡತೆಯ 2002ರ ನಿಯಮಗಳು, ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ, ಅದೇ ವರ್ಷದ ಅಂಗಾಂಗ ಕಸಿ ಕಾಯ್ದೆ ಇವೆಲ್ಲ ಚರ್ಚೆ ಮಾಡಿ ಕಂಡುಹಿಡಿಯುವ ವಿಷಯ ಅಲ್ಲ. ಹೇಳಬೇಕು, ಬರೆದುಕೊಳ್ಳಬೇಕು, ಅಷ್ಟೇ.

ಆದರೆ 'ಕರುಣೆ' ಅಂತ ಸ್ಲೈಡ್ ಹಾಕಿ ಐದು ಅಂಶ ಓದಿದರೆ? ಹಿಂದಿನ ಸಾಲಿನವರು ಫಾರ್ಮಕಾಲಜಿ ರೆಕಾರ್ಡ್ ಬರೆಯುತ್ತಿರುತ್ತಾರೆ. ನಾನೂ ಹಾಗೆ ಬರೆದವಳೇ. ಹೊರಗಿನ ದೊಡ್ಡವರನ್ನು ಕರೆಸಿ, ಶಾಲು ಹೊದಿಸಿ, ಒಂದೂವರೆ ಗಂಟೆ ಮೌಲ್ಯಗಳ ಬಗ್ಗೆ ಭಾಷಣ ಮಾಡಿಸುವ ಪದ್ಧತಿ ಇದೆಯಲ್ಲ, ಅದಕ್ಕೆ ಖರ್ಚಾಗುವ ದುಡ್ಡಿನಲ್ಲಿ ಕೆಳಗೆ ಹೇಳುವ ಎರಡು ಕೆಲಸ ಆಗುತ್ತವೆ. ಪ್ರಮಾಣವಚನವೂ ಅಷ್ಟೇ. ಹಿಪೊಕ್ರಟಿಸನದೋ ಚರಕನದೋ ಅಂತ 2022ರಲ್ಲಿ ಜೋರು ಜಗಳ ನಡೆಯಿತು. ಯಾವುದನ್ನು ಓದಿಸಿದರೂ ಎರಡು ನಿಮಿಷದ ಕೆಲಸ.

ಸಣ್ಣ ಗುಂಪಿನಲ್ಲಿ ಕೇಸ್ ಚರ್ಚೆ

ಏಟ್‌ಕಾಮ್ ಪುಸ್ತಿಕೆ ಹೆಚ್ಚಾಗಿ ನೆಚ್ಚಿಕೊಂಡಿರುವುದು ಇದನ್ನೇ. ಒಂದು ಸೆಷನ್‌ನಲ್ಲಿ ಕೇಸ್ ಕೊಡುತ್ತೀರಿ, ಮಕ್ಕಳು ಹೋಗಿ ಓದಿಕೊಂಡು ಬರುತ್ತಾರೆ, ಇನ್ನೊಂದು ದಿನ ಚರ್ಚೆ ಮುಗಿಸುತ್ತೀರಿ. ಟೀಚರ್‌ಗಳ ಲೆಕ್ಕದಲ್ಲಿ ದುಬಾರಿ, ದುಡ್ಡಿನ ಲೆಕ್ಕದಲ್ಲಿ ಪುಕ್ಕಟೆ.

ಇದು ಗೆಲ್ಲುವುದೂ ಸೋಲುವುದೂ ಕೇಸಿನ ಮೇಲೆ. ಎಲ್ಲರಿಗೂ ಉತ್ತರ ಮೊದಲೇ ಗೊತ್ತಿರುವ ಕೇಸ್ ಕೊಡಬೇಡಿ. 'ಡಾಕ್ಟರ್ ಲಂಚ ತಗೊಂಡರು, ಸರಿಯೇ?' ಅಂದರೆ ಚರ್ಚೆ ಎರಡು ನಿಮಿಷಕ್ಕೆ ಸಾಯುತ್ತದೆ. ನಾನು ಪ್ರತಿ ವರ್ಷ ಬಳಸುವುದು 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಸಮೀರಾ ಕೊಹ್ಲಿ ಪ್ರಕರಣ. ಹೊಟ್ಟೆಯೊಳಗೆ ಏನಾಗಿದೆ ಅಂತ ನೋಡುವ ತಪಾಸಣೆಗೆ ಆಕೆ ಒಪ್ಪಿದ್ದರು. ಅರಿವಳಿಕೆಯಲ್ಲಿ ಮಲಗಿದ್ದಾಗ ಡಾಕ್ಟರು ಹೊರಗಿದ್ದ ತಾಯಿಯ ಒಪ್ಪಿಗೆ ತಗೊಂಡು ಗರ್ಭಕೋಶ, ಅಂಡಾಶಯ ತೆಗೆದರು. ಇದನ್ನು ಇಲ್ಲಿಗೆ ನಿಲ್ಲಿಸಿ ಕೇಳಿ. ಅರ್ಧ ಕ್ಲಾಸು "ತಾಯಿ ತಾನೇ, ಹೆತ್ತವಳು ಒಪ್ಪಿದ ಮೇಲೆ ತಪ್ಪೇನು?" ಅನ್ನುತ್ತದೆ. ನಮ್ಮ ಮನೆಗಳಲ್ಲಿ ಎಲ್ಲವೂ ಹಾಗೆಯೇ ನಡೆಯುವುದು ತಾನೇ. ವಯಸ್ಸಿಗೆ ಬಂದವರ ಮೈಮೇಲೆ ಅವರದೇ ಹಕ್ಕು, ಪ್ರಾಣಕ್ಕೆ ಅಪಾಯ ಇಲ್ಲದಿದ್ದಾಗ ಎಚ್ಚರವಾಗುವವರೆಗೆ ಕಾಯಬೇಕಿತ್ತು ಅಂತ ಕೋರ್ಟ್ ಹೇಳಿದ್ದನ್ನು ಅರ್ಧ ಗಂಟೆ ಜಗಳ ಆದ ಮೇಲೆ ತಿಳಿಸಿದರೆ ಆ ಪಾಠ ಮರೆಯುವುದಿಲ್ಲ.

ಇನ್ನೊಂದು ಒಳ್ಳೆಯ ಕೇಸ್ ಐಸಿಯುನದು. ಗೌರವದಿಂದ ಸಾಯುವುದೂ ಹಕ್ಕು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು, ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಲಿವಿಂಗ್ ವಿಲ್‌ನ ವಿಧಾನವನ್ನು 2023ರಲ್ಲಿ ಸುಲಭ ಮಾಡಿತು, ಅದನ್ನು ಜಾರಿಗೆ ತರಲು ನಮ್ಮ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ವೆಂಟಿಲೇಟರ್ ಬಿಲ್ ಕಟ್ಟಲು ಸೈಟ್ ಮಾರುವ ಮಗನನ್ನು ಈ ಕೇಸಿನೊಳಗೆ ಸೇರಿಸಿ. ಚರ್ಚೆ ತಾನಾಗಿ ನಡೆಯುತ್ತದೆ.

ತೊಂದರೆ ಏನೆಂದರೆ, ಚೆನ್ನಾಗಿ ವಾದ ಮಾಡಿದ ಹುಡುಗಿಯೇ ಮಾರನೇ ದಿನ ವಾರ್ಡಿನಲ್ಲಿ "ಇಲ್ಲಿ ಸೈನ್ ಹಾಕಿ ಅಮ್ಮಾ" ಅಂತ ಕೇಸ್ ಶೀಟ್ ಮುಂದೆ ಹಿಡಿಯಬಹುದು. ಯೋಚನೆ ಹರಿತವಾಗುತ್ತದೆ. ಕೈ, ಬಾಯಿ ಅಭ್ಯಾಸವಾಗುವುದಿಲ್ಲ.

ರೋಲ್ ಪ್ಲೇ ಮತ್ತು ನಟ ರೋಗಿಗಳು

ಆ ಅಭ್ಯಾಸಕ್ಕೆ ಇರುವುದು ಇದು. ತರಬೇತಿ ಕೊಟ್ಟ ನಟರನ್ನು ರೋಗಿಗಳಾಗಿ ಕೂರಿಸುವ ಪದ್ಧತಿಯನ್ನು ಅಮೆರಿಕದ ಹೊವರ್ಡ್ ಬ್ಯಾರೋಸ್ ಎಂಬ ನರರೋಗ ತಜ್ಞ 1963ರಲ್ಲಿ ಶುರು ಮಾಡಿದರು. ನಿಜವಾದ ರೋಗಿಗೆ ಹೊರೆ ಇಲ್ಲ. ತಪ್ಪಿದರೆ ಮತ್ತೆ ಮಾಡಬಹುದು. ಕೆಟ್ಟ ಸುದ್ದಿ ಹೇಳುವುದನ್ನು ಕಲಿಸಲು ಬೇರೆ ದಾರಿಯೇ ನನಗೆ ತೋಚುವುದಿಲ್ಲ.

ಅದಕ್ಕೆ ಸ್ಪೈಕ್ಸ್ ಎಂಬ ಆರು ಹೆಜ್ಜೆಯ ವಿಧಾನ ಇದೆ. 2000ದಲ್ಲಿ ಕ್ಯಾನ್ಸರ್ ವೈದ್ಯರು ರೂಪಿಸಿದ್ದು, ಎಲ್ಲ ಕಡೆ ಅದನ್ನೇ ಕಲಿಸುತ್ತಾರೆ. ಮೊದಲ ಸಲ ಇದನ್ನು ಮಾಡಿಸಿದಾಗ ನಾನು ಮಾಡಿದ ಎಡವಟ್ಟು ಹೇಳುತ್ತೇನೆ. ಹವ್ಯಾಸಿ ರಂಗತಂಡದ ಒಬ್ಬರು ಹಿರಿಯ ನಟಿಯನ್ನು ಕರೆಸಿದ್ದೆ, ಮಗನಿಗೆ ಕ್ಯಾನ್ಸರ್ ಅಂತ ಗೊತ್ತಾಗುವ ತಾಯಿಯ ಪಾತ್ರಕ್ಕೆ. ಸ್ಕ್ರಿಪ್ಟ್ ಇಂಗ್ಲಿಷ್‌ನಲ್ಲಿತ್ತು. ಹುಡುಗ ಅದನ್ನು ತಲೆಯಲ್ಲೇ ತರ್ಜುಮೆ ಮಾಡಿಕೊಂಡು, ಬಹಳ ವಿನಯದಿಂದ, "ನಿಮ್ಮ ಭಾವನೆಗಳು ನನಗೆ ಅರ್ಥವಾಗುತ್ತವೆ" ಅಂದ. ಅಳುತ್ತಾ ಕೂತಿದ್ದ ಆಕೆಗೆ ನಗು ತಡೆಯಲಾಗಲಿಲ್ಲ. "ಅಲ್ಲಪ್ಪಾ, ಯಾರು ಹೀಗೆ ಮಾತಾಡ್ತಾರೆ? ಕುರ್ಚಿ ಹತ್ತಿರ ಎಳ್ಕೋ. 'ಅಮ್ಮಾ, ನಿಮ್ಮ ಜೊತೆ ಯಾರು ಬಂದಿದ್ದಾರೆ, ಕರೀಲಾ?' ಅನ್ನು. ಆಮೇಲೆ ಸುಮ್ನೆ ಕೂತ್ಕೋ." ನಾನು ಹತ್ತು ಸ್ಲೈಡಿನಲ್ಲಿ ಹೇಳಲಾಗದ್ದನ್ನು ಆಕೆ ಮೂರು ಮಾತಿನಲ್ಲಿ ಹೇಳಿದರು. ಅಂದಿನಿಂದ ಸ್ಕ್ರಿಪ್ಟ್ ಬರೆಯುವುದೇ ಕನ್ನಡದಲ್ಲಿ. ಕನ್ನಡ ಬಾರದ ಮಕ್ಕಳಿಗೆ ಕಷ್ಟ, ನಿಜ. ವಾರ್ಡಿನಲ್ಲೂ ಅದೇ ಕಷ್ಟ ಇದೆ, ಇಲ್ಲೇ ಅನುಭವಿಸಲಿ. ಬೇಕಾದರೆ ಗೆಳೆಯನನ್ನು ಪಕ್ಕದಲ್ಲಿ ದುಭಾಷಿಯಾಗಿ ಕೂರಿಸಿ, ದುಭಾಷಿ ಇದ್ದಾಗಲೂ ರೋಗಿಯ ಮುಖ ನೋಡಿ ಮಾತಾಡಬೇಕು ಅನ್ನುವುದೂ ಒಂದು ಪಾಠವೇ.

ನಮ್ಮ ಊರಿಗೇ ಸೇರಿದ ಸನ್ನಿವೇಶಗಳನ್ನು ಹಾಕಿ. ಬಾಗಿಲ ಹೊರಗೆ ಮಗಳು ನಿಮ್ಮನ್ನು ತಡೆದು "ಅಪ್ಪನಿಗೆ ಮಾತ್ರ ಹೇಳ್ಬೇಡಿ ಡಾಕ್ಟ್ರೇ" ಅಂತ ಕೈಮುಗಿಯುತ್ತಾಳೆ. ಅಪ್ಪ ಒಳಗಿಂದ ಎಲ್ಲ ನೋಡುತ್ತಿದ್ದಾನೆ. ಇದು ದಿನವೂ ನಡೆಯುತ್ತದೆ. ರೋಗಿಗೆ ಎಷ್ಟು ತಿಳಿಯಬೇಕು ಅನ್ನಿಸುತ್ತದೆ ಅಂತ ಮೊದಲು ಅವರನ್ನೇ ಕೇಳಿ ಅನ್ನುತ್ತದೆ ಸ್ಪೈಕ್ಸ್. ಮಗಳನ್ನು ಏನು ಮಾಡುವುದು ಅಂತ ಮಕ್ಕಳೇ ಆಡಿ ಕಂಡುಕೊಳ್ಳಲಿ.

ಖರ್ಚು? ನಟರಿಗೆ ಗೌರವಧನ, ಆಟೋ ಚಾರ್ಜು, ಮಧ್ಯಾಹ್ನದ ಊಟ. ಊರು ತುಂಬ ರಂಗತಂಡಗಳಿವೆ, ಕೇಳಿದರೆ ಜನ ಸಿಗುತ್ತಾರೆ. ದುಡ್ಡೇ ಇಲ್ಲದಿದ್ದರೆ ಪಿಜಿಗಳನ್ನೇ, ಅಂದರೆ ಎಂಡಿ, ಎಂಎಸ್ ಓದುತ್ತಿರುವ ಡಾಕ್ಟರ್‌ಗಳನ್ನೇ, ರೋಗಿಗಳನ್ನಾಗಿ ಮಾಡಿ. ಮಕ್ಕಳು ನಗುತ್ತಾರೆ, ಆದರೂ ಸುಮಾರಾಗಿ ನಡೆಯುತ್ತದೆ. ನಿಜವಾದ ಮಿತಿ ಅಂದರೆ ಒಂದು ಮಧ್ಯಾಹ್ನದಲ್ಲಿ ಹತ್ತು ಹನ್ನೆರಡು ಮಕ್ಕಳಿಗಷ್ಟೇ ಮಾತಾಡಲು ಅವಕಾಶ, ಉಳಿದವರು ಪ್ರೇಕ್ಷಕರು.

ನಾಟಕ, ಕಥೆ, ಬರವಣಿಗೆ

ಬ್ರೆಜಿಲ್‌ನ ಅಗಸ್ಟೋ ಬೋಲ್ ರೂಪಿಸಿದ ಒಂದು ರಂಗ ವಿಧಾನ ಇದೆ. ಅನ್ಯಾಯದ ದೃಶ್ಯ ಒಂದನ್ನು ಆಡಿ ತೋರಿಸುತ್ತಾರೆ, ಆಮೇಲೆ ನೋಡುವವರೇ ಎದ್ದು ಬಂದು ಒಂದು ಪಾತ್ರದ ಜಾಗ ಹಿಡಿದು ಬೇರೆ ಥರ ಆಡುತ್ತಾರೆ. ದೆಹಲಿಯ ಯುನಿವರ್ಸಿಟಿ ಕಾಲೇಜ್ ಆಫ್ ಮೆಡಿಕಲ್ ಸೈನ್ಸಸ್‌ನಲ್ಲಿ 2009ರಲ್ಲಿ ಹುಟ್ಟಿದ ಮೆಡಿಕಲ್ ಹ್ಯುಮಾನಿಟೀಸ್ (ವೈದ್ಯಕೀಯಕ್ಕೆ ಸಾಹಿತ್ಯ, ಕಲೆ ಜೋಡಿಸುವ) ಗುಂಪು ಇದನ್ನು ಮೆಡಿಕಲ್ ಮಕ್ಕಳಿಗೆ ತಂದಿತು. ನಮ್ಮಲ್ಲಿ ಸೇಂಟ್ ಜಾನ್ಸ್‌ನಲ್ಲಿ ಮೆಡಿಕಲ್ ಎಥಿಕ್ಸ್‌ಗೂ ಹ್ಯುಮಾನಿಟೀಸ್‌ಗೂ ಅಂತಲೇ ಪ್ರತ್ಯೇಕ ವಿಭಾಗಗಳಿವೆ. ಅಂಥ ವ್ಯವಸ್ಥೆ ಇದ್ದರೆ ಭಾಗ್ಯ.

ಹೌಸ್ ಸರ್ಜನ್‌ಗೆ, ಅಂದರೆ ಇಂಟರ್ನ್‌ಗೆ, ಪಿಜಿ ಬೈಯುವುದು, ಪಿಜಿಗೆ ಕನ್ಸಲ್ಟೆಂಟ್ ಬೈಯುವುದು, ಆ ಸಿಟ್ಟು ಕೊನೆಗೆ ರೋಗಿಯ ಅಟೆಂಡರ್ ಮೇಲೆ ಬೀಳುವುದು. ಇದನ್ನು ಚರ್ಚೆಯಲ್ಲಿ ಬಾಯಿಬಿಟ್ಟು ಹೇಳಲು ಮಕ್ಕಳಿಗೆ ಭಯ. ನಾಟಕದಲ್ಲಿ ಧೈರ್ಯವಾಗಿ ಆಡುತ್ತಾರೆ. ಅದಕ್ಕಾಗಿ ಈ ವಿಧಾನ ನನಗೆ ಇಷ್ಟ. ಆದರೆ ನಡೆಸಿಕೊಡುವವರು ಪಳಗಿದವರಾಗಿರಬೇಕು. ಅರೆಬರೆ ಗೊತ್ತಿರುವವರು ಮಾಡಿಸಿದರೆ ಕಾಲೇಜ್ ಡೇ ಸ್ಕಿಟ್ ಆಗುತ್ತದೆ, ಇಲ್ಲವೇ ಯಾವುದೋ ಹುಡುಗಿ ಅತ್ತುಕೊಂಡು ಹಾಸ್ಟೆಲ್‌ಗೆ ಹೋಗುತ್ತಾಳೆ, ಸಮಾಧಾನ ಮಾಡುವವರು ಯಾರೂ ಇರುವುದಿಲ್ಲ.

ಅನುಭವ ಬರೆಸುವುದು ಸುಲಭ ಅನ್ನಿಸುತ್ತದೆ. ಲಾಗ್ ಬುಕ್‌ನಲ್ಲಿ ಜಾಗವೂ ಇದೆ. ಅದನ್ನು ಓದಿ ಪ್ರತಿಯೊಬ್ಬರಿಗೂ ಎರಡು ಸಾಲು ಬರೆಯುವ ಟೀಚರ್ ಇದ್ದರೆ ಮಾತ್ರ ಮಾಡಿ. ಬರೀ ಸಹಿ ಹಾಕುತ್ತೀರಿ ಅಂತ ಗೊತ್ತಾದ ವಾರವೇ ಎಲ್ಲರ ಅನುಭವವೂ ಒಂದೇ ಆಗಿಬಿಡುತ್ತದೆ, ಈಗಂತೂ ಮೊಬೈಲೇ ಬರೆದುಕೊಡುತ್ತದೆ. ನಾನು ಇದಕ್ಕೆ ಕಂಡುಕೊಂಡ ಉಪಾಯ ಒಂದೇ: ಅರ್ಧ ಪುಟ, ಕ್ಲಾಸಿನಲ್ಲೇ ಕೂತು, ಪೆನ್ನಿನಲ್ಲಿ, ಯಾವ ಭಾಷೆಯಲ್ಲಾದರೂ ಸರಿ.

ಮೊದಲ ವರ್ಷದವರಿಗೆ ಇದು ನಿಜಕ್ಕೂ ಒಗ್ಗುವ ಜಾಗ ಒಂದಿದೆ. ಶವವೇ ನಮ್ಮ ಮೊದಲ ಗುರು ಎಂಬ ಮಾಡ್ಯೂಲ್. ಡಿಸೆಕ್ಷನ್ ಹಾಲಿನ ಮೊದಲ ದಿನದ ವಾಸನೆ, ಭಯ, ಯಾರೋ ಮಾಡಿದ ಕೆಟ್ಟ ಜೋಕು, ಆಮೇಲೆ ಊಟ ಸೇರದೆ ಹೋದದ್ದು, ಇದೆಲ್ಲ ಬರೆಯಲು ಯಾರೂ ಮೊಬೈಲ್ ತೆಗೆಯುವುದಿಲ್ಲ. ದೇಹದಾನ ಮಾಡಿದವರ ಮನೆಯವರು ಒಪ್ಪಿದರೆ ಒಬ್ಬರನ್ನು ಕರೆಸಿ ಹತ್ತು ನಿಮಿಷ ಮಾತಾಡಿಸಿ. ಅದಕ್ಕೆ ಖರ್ಚು ಒಂದು ಕಾಫಿ.

ಕ್ಯಾಂಪಸ್ಸಿನ ಹೊರಗೆ

2021-22ರ ಬ್ಯಾಚಿನಿಂದ ಕುಟುಂಬ ದತ್ತು ಕಾರ್ಯಕ್ರಮ ಇದ್ದೇ ಇದೆ. ಪ್ರತಿ ವಿದ್ಯಾರ್ಥಿಗೆ ಹಳ್ಳಿಯ ಕೆಲವು ಮನೆಗಳು, ವರ್ಷಗಟ್ಟಲೆ ಅವರ ಒಡನಾಟ. ಬಸ್ಸು, ಡ್ರೈವರ್, ಕಮ್ಯುನಿಟಿ ಮೆಡಿಸಿನ್‌ನವರ ಓಡಾಟ ಎಲ್ಲ ಹೇಗೂ ಇದೆ. ಹೊಸ ಖರ್ಚಿಲ್ಲದೆ ನೀತಿಯ ಪಾಠವನ್ನು ಇದಕ್ಕೇ ಹೊಂದಿಸಬಹುದು. ಬಿಪಿ ನೋಡಿ ಫಾರಂ ತುಂಬಿಸಿ ಬರುವುದರ ಬದಲು ಒಂದೇ ಪ್ರಶ್ನೆ ಕೊಟ್ಟು ಕಳಿಸಿ: ಈ ಮನೆಯವರು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬಂದು ಹೋಗಲು ಒಂದು ದಿನಕ್ಕೆ ಎಷ್ಟು ಖರ್ಚು, ಯಾರ ಕೂಲಿ ಹೋಗುತ್ತದೆ, ಹಸು ಯಾರು ನೋಡಿಕೊಳ್ಳುತ್ತಾರೆ? ಆ ಲೆಕ್ಕ ಹಾಕಿದ ಹುಡುಗ "ನಾಳೆ ಬನ್ನಿ" ಅನ್ನುವ ಮೊದಲು ಸ್ವಲ್ಪ ಯೋಚಿಸುತ್ತಾನೆ.

ಇನ್ನು ಹಾಸ್ಪಿಸ್. ಬೆಂಗಳೂರಿನ ಕರುಣಾಶ್ರಯ 1999ರಿಂದ ನಡೆಯುತ್ತಿದೆ, ಗುಣವಾಗದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ. ಅಂಥ ಕಡೆ ಅರ್ಧ ದಿನ ಕಳೆದ ಮಕ್ಕಳು ವಾಪಸ್ ಬಸ್ಸಿನಲ್ಲಿ ಮಾತಾಡುವುದಿಲ್ಲ. ಪರಿಣಾಮ ಜಾಸ್ತಿ, ಒಪ್ಪುತ್ತೇನೆ. ಆದರೆ ಅಲ್ಲಿರುವವರು ನಮ್ಮ ಪಾಠದ ಸಾಮಾನಲ್ಲ. 150 ಮಕ್ಕಳನ್ನು ಸಾಲಾಗಿ ನಡೆಸುವ ಜಾಗವೂ ಅಲ್ಲ. ಮೊದಲೇ ಮಾತಾಡಿ, ಒಪ್ಪಿಗೆ ತಗೊಂಡು, ಐದಾರು ಜನ, ಅದೂ ವಾರ್ಡ್ ಕಂಡ ಫೈನಲ್ ಇಯರ್‌ನವರು. ಫಸ್ಟ್ ಇಯರ್‌ನವರು ಬೇಡ, ಹದಿನೆಂಟು ವರ್ಷದ ಮಕ್ಕಳು ಅವು.

ಬೆಡ್ ಪಕ್ಕದ ಪಾಠ

ಇಷ್ಟು ಹೊತ್ತು ಹೇಳಿದ್ದನ್ನೆಲ್ಲ ಕಟ್ಟುವುದೂ ಕೆಡವುವುದೂ ಇದೇ. ಅಮೆರಿಕದ ಜೆಫರ್ಸನ್ ಮೆಡಿಕಲ್ ಕಾಲೇಜಿನಲ್ಲಿ ವರ್ಷ ವರ್ಷವೂ ಮಕ್ಕಳ ಸಹಾನುಭೂತಿ ಅಳೆದು ನೋಡಿದರು. ಮೂರನೇ ವರ್ಷದಲ್ಲಿ ಅದು ಇಳಿದಿತ್ತು ಅಂತ 2009ರಲ್ಲಿ ಪ್ರಕಟಿಸಿದರು. ಅಲ್ಲಿ ಮಕ್ಕಳು ಪೂರ್ತಿಯಾಗಿ ವಾರ್ಡಿಗೆ ಇಳಿಯುವುದು ಅದೇ ವರ್ಷ. ಅಂದರೆ ರೋಗಿಗಳ ಹತ್ತಿರ ಹೋದಾಗಲೇ ಮನಸ್ಸು ಒಣಗುತ್ತಿದೆ. ನಮ್ಮಲ್ಲಿ ಎರಡನೇ ವರ್ಷಕ್ಕೇ ವಾರ್ಡ್ ಪೋಸ್ಟಿಂಗ್ ಶುರು.

ನಾನು ಓದುವಾಗ ನಮ್ಮ ಯೂನಿಟ್‌ನ ಒಬ್ಬ ಸೀನಿಯರ್, ರೋಗಿಗಳನ್ನು ಹೆಸರಿನಿಂದ ಕರೆದದ್ದನ್ನು ನಾನು ಕೇಳಿಲ್ಲ. "ಆ ಲಿವರ್ ಎಲ್ಲಿ?" ಅನ್ನುತ್ತಿದ್ದರು. ಮೂರು ತಿಂಗಳಲ್ಲಿ ನಾವೂ ಹಾಗೇ ಅನ್ನುತ್ತಿದ್ದೆವು. ಬೆಳಿಗ್ಗೆ ಎಥಿಕ್ಸ್ ಕ್ಲಾಸ್ ಕೇಳಿದ್ದರೂ ಅಷ್ಟೇ.

ಆದ್ದರಿಂದ ನನ್ನ ಮಾತು ಕೇಳುವುದಾದರೆ ಮೊದಲ ಶ್ರಮ ಪಿಜಿಗಳ ಮೇಲೆ ಹಾಕಿ. ವಾರ್ಡಿನಲ್ಲಿ ಮಕ್ಕಳು ನೋಡಿ ಕಲಿಯುವುದು ಪ್ರೊಫೆಸರನ್ನಲ್ಲ, ಹಗಲೂ ರಾತ್ರಿ ಅಲ್ಲೇ ಇರುವ ಪಿಜಿಯನ್ನು. ವರ್ಷದ ಮೊದಲ ತಿಂಗಳು ಪಿಜಿಗಳಿಗೆ ಎರಡು ಮಧ್ಯಾಹ್ನದ ರೋಲ್ ಪ್ಲೇ ಸಾಕು. ರೌಂಡ್ಸ್‌ನಲ್ಲಿ ಮೂರು ರೂಢಿ ಮಾಡಿ: ಕೇಸ್ ಪ್ರೆಸೆಂಟ್ ಮಾಡುವವರು ರೋಗಿಯ ಹೆಸರಿನಿಂದ ಶುರು ಮಾಡಬೇಕು, ಪರದೆ ಎಳೆಯಬೇಕು, ಹೊರಡುವ ಮೊದಲು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಇವತ್ತು ಏನು ಮಾಡುತ್ತೇವೆ ಅಂತ ಒಂದು ಮಾತು ಹೇಳಬೇಕು. ಹೊಸ ಖರ್ಚು ಸೊನ್ನೆ. ಕಷ್ಟ ಮಾತ್ರ ಎಲ್ಲದಕ್ಕಿಂತ ಜಾಸ್ತಿ, ಯಾಕೆಂದರೆ ಇದಕ್ಕೆ ದೊಡ್ಡವರು ಬದಲಾಗಬೇಕು. ನಿಮ್ಮ ಯೂನಿಟ್ ಹೆಡ್ ಒಪ್ಪದಿದ್ದರೆ ಒಪ್ಪುವ ಇನ್ನೊಂದು ಯೂನಿಟ್‌ನಿಂದ ಶುರು ಮಾಡಿ.

ಹಾಗಾದರೆ ನಿಮಗೆ ಯಾವುದು?

ಫೋನ್ ಮಾಡಿದ ಮೂವರಲ್ಲಿ ಒಬ್ಬರದು ಸರ್ಕಾರಿ ಕಾಲೇಜು. ರೋಗಿಗಳು ತುಂಬಿ ತುಳುಕುತ್ತಾರೆ, ಟೀಚರ್‌ಗಳಿಗೆ ಉಸಿರಾಡಲು ಹೊತ್ತಿಲ್ಲ. ಅವರಿಗೆ ಹೇಳಿದ್ದು: ಕಾನೂನಿಗೆ ಲೆಕ್ಚರ್, ಉಳಿದದ್ದೆಲ್ಲ ರೌಂಡ್ಸ್ ಮತ್ತು ಪಿಜಿಗಳ ಮೂಲಕ. ಕೇಸ್ ಚರ್ಚೆ ವರ್ಷಕ್ಕೆ ನಾಲ್ಕೇ ಮಾಡಿ, ಆದರೆ ಕೇಸ್ ಚೆನ್ನಾಗಿರಲಿ.

ಇನ್ನೊಬ್ಬರದು ಹೊಸ ಖಾಸಗಿ ಕಾಲೇಜು. ಕಟ್ಟಡ, ಸ್ಕಿಲ್ ಲ್ಯಾಬ್ ಎಲ್ಲ ಇದೆ, ವಾರ್ಡಿನಲ್ಲಿ ರೋಗಿಗಳು ಕಡಿಮೆ. ಅವರಿಗೆ ನಟ ರೋಗಿಗಳೇ ಸರಿ. ಲ್ಯಾಬ್‌ಗೆ ಅಭ್ಯಾಸದ ಇನ್ನೊಂದು ಗೊಂಬೆ ಕೊಳ್ಳುವ ದುಡ್ಡಿನಲ್ಲಿ ವರ್ಷಪೂರ್ತಿ ನಟರನ್ನು ಕರೆಸಬಹುದು ಅಂತ ಆಡಳಿತದವರಿಗೆ ಲೆಕ್ಕ ತೋರಿಸಿ ಅಂದೆ.

ಮೂರನೆಯವರು ಅನಾಟಮಿಯವರು. ಅವರ ಕೈಗೆ ಸಿಗುವುದು ಫಸ್ಟ್ ಇಯರ್ ಮಾತ್ರ. ಅವರು ಶವದ ಮಾಡ್ಯೂಲ್ ಒಂದನ್ನೇ ಮನಸ್ಸಿಟ್ಟು ಮಾಡಲಿ, ಜೊತೆಗೆ ಹೊರ ರಾಜ್ಯದ ಮಕ್ಕಳಿಗೆ ಕನ್ನಡ ಕಲಿಸುವ ತರಗತಿ ಸುಮ್ನೆ ಹಾಜರಾತಿಗೆ ಮುಗಿಯದ ಹಾಗೆ ನೋಡಿಕೊಳ್ಳಲಿ. 'ನೋವು ಎಲ್ಲಿ?' ಜೊತೆಗೆ 'ಊಟ ಆಯ್ತಾ?' ಕೂಡ ಅಲ್ಲಿ ಕಲಿಸುವ ಮಾತುಗಳಲ್ಲಿರಲಿ.

ಪರೀಕ್ಷೆಯ ಬಗ್ಗೆ ಒಂದು ಮಾತು. ಕ್ಲಿನಿಕಲ್ ವಿಷಯಗಳ ಪ್ರತಿ ಪೇಪರಿನಲ್ಲೂ ಇದರ ಒಂದು ಪ್ರಶ್ನೆಯಾದರೂ ಇರಬೇಕು, ನಡೆ ನುಡಿಯನ್ನು ಪ್ರಾಕ್ಟಿಕಲ್ ಮತ್ತು ವೈವಾದಲ್ಲಿ ನೋಡಬೇಕು ಅಂತ 2019ರ ನಿಯಮದಲ್ಲೇ ಇತ್ತು. ಇಂಟರ್ನಲ್‌ನ ಕೇಸ್ ಪ್ರೆಸೆಂಟೇಶನ್‌ನಲ್ಲಿ ಪರದೆ ಎಳೆದದ್ದಕ್ಕೆ, ಕೇಳಿ ಮುಟ್ಟಿದ್ದಕ್ಕೆ ಎರಡು ಮಾರ್ಕ್ಸ್ ಇಡಿ. ಮಾರ್ಕ್ಸಿಗಾಗಿ ಮಾಡಿದರೆ ಅದು ಮಾನವೀಯತೆಯಾ ಅಂತ ಕೇಳಬಹುದು. ಅಜ್ಜಿಗೆ ಪರದೆ ಮುಖ್ಯ.

ಇನ್ನೊಂದು ಮರೆತೆ. ಯಾವುದನ್ನೇ ಆರಿಸಿ, ಟೈಮ್‌ಟೇಬಲ್‌ನಲ್ಲಿ ಶನಿವಾರ ಮಧ್ಯಾಹ್ನ ಮಾತ್ರ ಹಾಕಿಸಿಕೊಳ್ಳಬೇಡಿ. ಅಷ್ಟು ಹೊತ್ತಿಗೆ ಅರ್ಧ ಕ್ಲಾಸು ಮೆಜೆಸ್ಟಿಕ್‌ನಲ್ಲಿ ಊರಿನ ಬಸ್ಸಿಗೆ ಕಾಯುತ್ತಿರುತ್ತದೆ.